ಮಂಚದ ಕಾಲಡಿಯ ಕೆಂಪು ಬೆಳಕು

ಇಂಟರ್‌ನೆಟ್ ಕೇಬಲ್ ಎಳೆಯುವವರು ಬಾಕ್ಸಿನಲ್ಲಿ ಹಸಿರು ದೀಪ ಹತ್ತಿದರೆ ಸಾಕು, ಕೈ ಒರೆಸಿಕೊಂಡು ಹೊರಟುಬಿಡುತ್ತಾರೆ. ಅದೇ ಕೆಲಸದ ಲೈಟಣ್ಣ ಹಾಗಲ್ಲ. ಪರದೆ ಎಳೆದು ಕೋಣೆ ಕತ್ತಲು ಮಾಡಿ, ಪೆನ್ನಿನಂಥ ಟಾರ್ಚಿನಿಂದ ಕೇಬಲ್ಲಿನೊಳಗೆ ಕೆಂಪು ಬೆಳಕು ಬಿಟ್ಟು, ಉದ್ದಕ್ಕೂ ಮಂಡಿಯೂರಿ ನೋಡಲೇಬೇಕು ಈ ಪುಣ್ಯಾತ್ಮನಿಗೆ. ಒಳಗಿನ ಗಾಜಿನ ಎಳೆ ಮುರಿದಲ್ಲಿ ಬೆಳಕು ಸೋರುತ್ತದೆ. ಒಂಬತ್ತು ವರ್ಷದಲ್ಲಿ ಈ ಪರೀಕ್ಷೆ ಬಿಟ್ಟಿದ್ದು ಒಂದೇ ಸಲ, ಅದೂ ನಿನ್ನೆ. ಆ ಮನೆಯಲ್ಲೇ ಈಗ ಸಿಕ್ಕಿಬಿದ್ದಿದ್ದ.

ಗಂಟೆ ಮೂರೂ ನಲವತ್ತು. ಬಾಕ್ಸಿನಲ್ಲಿ ಕೆಂಪು ದೀಪ. ನಾಲ್ಕಕ್ಕೆ ಮನೆಯ ಸೊಸೆಗೆ ವಿಡಿಯೊದಲ್ಲಿ ನರ್ಸ್ ಕೆಲಸದ ಸಂದರ್ಶನ. ಅತ್ತೆಯ ಆರೈಕೆಗೆಂದು ಎರಡು ವರ್ಷ ಕೆಲಸ ಬಿಟ್ಟವಳಿಗೆ ಬಂದ ಮೊದಲ ಕರೆ. ಮನೆಯೊಳಗೆ ಫೋನಿನ ಸಿಗ್ನಲ್ ಸಿಗದೆಂದೇ ಕೇಬಲ್ ಹಾಕಿಸಿದ್ದಳು.

"ನಿನ್ನೆ ಸರಿಯಿತ್ತಲ್ಲ ಅಣ್ಣಾ?"

"ಇಲಿ ಕಡಿದಿರಬಹುದಮ್ಮ," ಎಂದುಬಿಟ್ಟ. ಟಾರ್ಚು ತೆಗೆದು ಪರದೆ ಎಳೆದ.

ನಡುಮನೆಯಲ್ಲಿ ಎಲ್ಲೂ ಬೆಳಕು ಸೋರಲಿಲ್ಲ. ಉಳಿದದ್ದು ಅತ್ತೆಯ ಕೋಣೆ. ನಿನ್ನೆ ಆ ಅಜ್ಜಿ ಮಂಚದ ಮೇಲೆ ಮಲಗಿದ್ದರು. ನಿದ್ದೆ ಕೆಡಿಸುವುದೇಕೆಂದು ಇವನು ಉಸಿರು ಬಿಗಿಹಿಡಿದು ಮಂಚದ ಒಂದು ತುದಿ ಎತ್ತಿ, ಕೇಬಲ್ ತೂರಿಸಿ, ಮೆಲ್ಲಗೆ ಇಳಿಸಿ, ಕಳ್ಳಹೆಜ್ಜೆಯಲ್ಲಿ ಹೊರಬಂದಿದ್ದ. ಹಸಿರು ದೀಪ ಹತ್ತಿತ್ತು, ಸಾಕೆನಿಸಿತ್ತು.

ಈಗ ಪರದೆ ಎಳೆದು ಬಗ್ಗಿದರೆ, ಮಂಚದ ಕಾಲಡಿಯಲ್ಲಿ ಕೆಂಡದ ಚೂರಿನಂತೆ ಕೆಂಪು ಬೆಳಕು! ಆ ಕಾಲನ್ನು ಕೇಬಲ್ ಮೇಲೆ ಇಳಿಸಿದವನು ಇವನೇ. ಒಂದು ದಿನದ ಭಾರಕ್ಕೆ ಎಳೆ ನಜ್ಜುಗುಜ್ಜಾಗಿತ್ತು. ಇಲಿಯ ತಲೆಗೇ ಕಟ್ಟಿದ್ದರೆ ಕೇಳುವವರು ಯಾರಿದ್ದರು? ಆದರೆ ಲೈಟಣ್ಣ ಎದ್ದು ಸೊಸೆಯ ಕಡೆ ತಿರುಗಿದ.

"ಇಲಿಯೂ ಇಲ್ಲ ಗಿಲಿಯೂ ಇಲ್ಲಮ್ಮ. ಮಂಚದ ಕಾಲು ಕೇಬಲ್ ಮೇಲೆ ಇಟ್ಟಿದ್ದು ನಾನೇ. ಅಜ್ಜಿ ಎದ್ದುಬಿಟ್ಟಾರು ಅಂತ ನಿನ್ನೆ ಪರೀಕ್ಷೆ ಮಾಡಲಿಲ್ಲ."

ಅವಳು ಗಡಿಯಾರ ನೋಡಿದಳು. ಬೈದಿದ್ದರೇ ವಾಸಿಯಿತ್ತು.

ಜಜ್ಜಿದ ಭಾಗ ಕತ್ತರಿಸಿ ಜೋಡಿಸಹೊರಟ. ಅವಸರದಲ್ಲಿ ಕೂದಲಿನಷ್ಟು ತೆಳುವಾದ ಎಳೆ ಪಟ್ಟೆಂದು ಮುರಿಯಿತು. ಮೂರೂ ಐವತ್ತೆರಡು. ಮತ್ತೆ ಸುಲಿದ, ಒರೆಸಿದ, ಜೋಡಿಸಿದ. ಮೂರೂ ಐವತ್ತೆಂಟಕ್ಕೆ ಹಸಿರು ಬಂತು. ಸೊಸೆ ಓಡಿದಳು, ಬಾಗಿಲು ಮುಚ್ಚಿತು, ಒಳಗಿನಿಂದ "ನಮಸ್ಕಾರ ಮೇಡಂ" ಕೇಳಿಸಿತು.

ಲೈಟಣ್ಣ ಮಂಚದ ಪಕ್ಕ ನೆಲದಲ್ಲೇ ಕೂತು ಸಾಮಾನು ಚೀಲಕ್ಕೆ ತುಂಬತೊಡಗಿದ. ಮಂಚದ ಮೇಲಿಂದ ಅಜ್ಜಿ ಅವನ ಭುಜ ಮುಟ್ಟಿ ಪಿಸುಗುಟ್ಟಿದರು:

"ನಿನ್ನೆ ನಾನು ಎಚ್ಚರವಾಗೇ ಇದ್ದೆನಪ್ಪಾ. ಅಷ್ಟು ಜೋಪಾನವಾಗಿ ಮಂಚ ಎತ್ತುತ್ತಿದ್ದೆಯಲ್ಲ, ಕಣ್ಣು ಬಿಟ್ಟರೆ ನಿನಗೆ ಬೇಜಾರಾಗುತ್ತೇನೋ ಅಂತ ಮುಚ್ಚಿಕೊಂಡೇ ಇದ್ದೆ."