ಜೈಸಲ್ಮೇರ್ ದಾರಿಯಲ್ಲಿ ವೈನಿಯ ವ್ಯಾನು

ವೈನಿ, ಆ ಮಧ್ಯಾಹ್ನ ವ್ಯಾನಿನ ಹ್ಯಾಂಡ್ ಬ್ರೇಕ್ ಬಿಟ್ಟವನು ನಾನು. ಜೈಸಲ್ಮೇರ್ ದಾರಿಯ ಪಾಳು ಛತ್ರದ ಮುಂದೆ ಅದು ತಾನಾಗಿ ಉರುಳಲಿಲ್ಲ. ನಾನು ಉರುಳಿಸಿದೆ — ಉರುಳಿಸಿ, ಓಡಿಹೋಗಿ, ಏನೂ ಅರಿಯದವನಂತೆ ತಿರುಗಿ ಬಂದೆ. ಇಷ್ಟು ಹೇಳಲು ನನಗೆ ಅರ್ಧ ಆಯುಷ್ಯ ಬೇಕಾಯಿತು.

ಆ ವ್ಯಾನು ನಿಮ್ಮದೇ ಕೈಯ ಕೆಲಸ. ಅಣ್ಣ ತನ್ನ ಕಾರ್ಖಾನೆಯವರು ಹರಾಜಿಗೆ ಹಾಕಿದ ಹಳೆಯ ಮೆಟಡೋರ್ ತಂದು ಹೈದರಾಬಾದಿನ ಕಾಚಿಗೂಡದ ನಮ್ಮ ಮನೆಯ ಮುಂದೆ ನಿಲ್ಲಿಸಿದಾಗ ಅವನ ತಲೆಯಲ್ಲಿದ್ದದ್ದು ಬಾಡಿಗೆಗೆ ಬಿಡುವ ವಿಚಾರ. "ಇದರಾಗ ಒಂದು ಮನಿ ಮಾಡಬಹುದಲ್ರಿ" ಅಂದವರು ನೀವು. ಸೀಟು ಕೀಳಿಸಿ ಹಲಗೆಯ ಮಂಚ ಕೂಡಿಸಿದಿರಿ. ಬಾಗಿಲ ಬಳಿ ಸ್ಟೋವಿಗೊಂದು ಕಟ್ಟೆ, ಮೂಲೆಯಲ್ಲಿ ನಳ ಹಚ್ಚಿದ ನೀರಿನ ಡ್ರಮ್ಮು. ಕಲಬುರ್ಗಿಯಿಂದ ಅಣ್ಣನ ಹೆಂಡತಿಯಾಗಿ ಬಂದಾಗ ಸೈಕಲ್ಲೂ ಬಾರದಿದ್ದ ನೀವು, ನಸುಕಿನಲ್ಲೇ ಎದ್ದು ಬೇಗಂಪೇಟೆಯ ಖಾಲಿ ರಸ್ತೆಗಳಲ್ಲಿ ಡ್ರೈವಿಂಗ್ ಕಲಿತಿರಿ. ಓಣಿಯವರು ನಕ್ಕರು. ನನಗೆ ನಗು ಬರಲಿಲ್ಲ, ಹೊಟ್ಟೆ ಉರಿಯಿತು. ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದ ಹುಡುಗ ನಾನು — ನೀವೋ, ಮೊದಲ ಸಲಕ್ಕೇ ಪಾಸು.

ಕಣ್ಣು ಹರಿಯುವಷ್ಟು ದೂರ ಮರಳೇ ಇರುವ ನಾಡನ್ನು ಸಾಯುವುದರೊಳಗೆ ಒಮ್ಮೆ ನೋಡಬೇಕೆಂದು ಅವ್ವ ಅನ್ನುತ್ತಿದ್ದಳು. ಅದಕ್ಕೇ ಹೊರಟದ್ದು ನಾವು ನಾಲ್ವರು. ಜೋಧಪುರದವರೆಗೆ ಅಣ್ಣ ಮತ್ತು ನೀವು ಸರದಿಯಂತೆ ಓಡಿಸಿದಿರಿ. ಮುಂದಿನ ದಾರಿ ಪೂರ್ತಿ ನಿಮ್ಮದು. ಹಿಂದೆ ಒಂಟೆಯ ಸಾಲುಗಳು ಸಿಂಧ್ ಕಡೆಗೆ ಸಾಗುತ್ತಿದ್ದ ದಾರಿಯಂತೆ ಅದು. ಬಿಸಿಗಾಳಿಗೆ ರಸ್ತೆಯ ಮೇಲೆ ಮರಳು ಹರಿದಾಡುತ್ತಿತ್ತು. ನೀವು ಸೆರಗನ್ನು ತಲೆಗೆ ಬಿಗಿದು, ಕಣ್ಣು ಕಿರಿದು ಮಾಡಿ ಓಡಿಸುತ್ತಿದ್ದ ರೀತಿ — ಅಸೂಯೆಯಲ್ಲೂ ನಾನು ಕಣ್ಣು ಕೀಳಲಾರದೆ ನೋಡಿದೆ.

ವ್ಯಾಪಾರಿಗಳು ತಂಗುತ್ತಿದ್ದ ಆ ಛತ್ರದ ನೆರಳಿನಲ್ಲಿ ಊಟಕ್ಕೆ ನಿಂತೆವು. ವ್ಯಾನಿನೊಳಗೇ ನೀವು ರೊಟ್ಟಿ ಬಡಿದು ಬಡಿಸಿದಿರಿ. ಉಂಡ ಮೇಲೆ ಅಣ್ಣ ಛತ್ರದ ಜಗಲಿಯ ಮೇಲೆ ಅಡ್ಡಾದ. ನೀವು ಅವ್ವನ ಕೈ ಹಿಡಿದು ಛತ್ರದ ಹಿಂದಿನ ಬತ್ತಿದ ಬಾವಿ ನೋಡಲು ಹೋದಿರಿ. ನಾನು ನಿಮ್ಮ ಸೀಟಿನಲ್ಲಿ ಕೂತೆ. ಸುಮ್ಮನೆ ಕೂಡುವುದಷ್ಟೇ ಅಂದುಕೊಂಡಿದ್ದೆ. ಗೇರು ಅಲ್ಲಾಡಿಸಿದೆ, ಬ್ರೇಕ್ ಬಿಟ್ಟೆ — ವ್ಯಾನು ಇಳಿಜಾರಿಗೆ ಸರಿಯತೊಡಗಿತು. ಹೆದರಿ ಜಿಗಿದೆ. ಅದು ರಸ್ತೆ ಬಿಟ್ಟು ಮರಳ ದಿಬ್ಬಕ್ಕೆ ಹೊಡೆದು ವಾಲಿತು. ಡ್ರಮ್ಮು ಮಗುಚಿ ನಮ್ಮ ನೀರೆಲ್ಲ ನೆಲದ ಪಾಲಾಯಿತು. ಆಗಲೇ ನಾನು ಗೋಡೆಯ ಮರೆಯಲ್ಲಿದ್ದೆ.

ನೀವೆಲ್ಲ ಓಡಿ ಬಂದಿರಿ, ಹಿಂದಿನಿಂದ ನಾನೂ ಬಂದೆ. ಅಣ್ಣ ನಿಮ್ಮತ್ತ ತಿರುಗಿದ: "ಅವ್ವ ಒಳಗ ಮಲಗಿದ್ರ ಏನ ಗತಿ? ಬ್ರೇಕ್ ಎಳದಿದ್ದಿಲ್ಲೇನು?"

"ಎಳದಿದ್ದೆ ಅಂತ ನೆನಪೈತ್ರಿ..." ಅಂದಿರಿ. ನಿಮ್ಮ ಅಂಗೈಯನ್ನೇ ನೋಡಿಕೊಂಡಿರಿ. ನಾನು ನಿಮ್ಮ ಪಕ್ಕದಲ್ಲೇ ಇದ್ದೆ, ವೈನಿ. ಒಂದು ಮಾತು ಸಾಕಿತ್ತು. ನಾನು ಗಾಲಿ ನೋಡುವವನಂತೆ ಬಗ್ಗಿದೆ. ನೀವೇ ಅಂದಿರಿ, "ಮರತಿರಬೇಕು."

ಆಮೇಲೆ ನೀವು ಮಾಡಿದ್ದು ನನಗೆ ಇಂದಿಗೂ ಬೆರಗು. ಯಾರನ್ನೂ ಕಾಯದೆ, ಗಾಲಿ ಮರಳಲ್ಲಿ ಹೂಳದಂತೆ ಟೈರಿನ ಗಾಳಿ ಇಳಿಸಿದಿರಿ. ಹಿಟ್ಟು ನಾದುವ ಪರಾತದಿಂದ ಮರಳು ತೋಡಿ, ಗಾಲಿಯ ಕೆಳಗೆ ಜಮಖಾನೆ ಹಾಸಿದಿರಿ. ಅಲ್ಲೇ ಕುರಿ ಕಾಯುತ್ತಿದ್ದ ಹೆಂಗಸರಿಗೆ ನಮ್ಮ ಹೈದರಾಬಾದಿನ ಹಿಂದಿಯಲ್ಲಿ ಏನೋ ಹೇಳಿ ನಗಿಸಿ, ಅವರಿಂದಲೇ ನೀರು ತುಂಬಿಸಿಕೊಂಡಿರಿ. ನಾವೆಲ್ಲ ದೂಡಿದೆವು, ಎಂಜಿನ್ ಬಂದ್ ಆಗದಂತೆ ಮೆಲ್ಲಗೆ, ಮೆಲ್ಲಗೆ ನೀವು ವ್ಯಾನನ್ನು ಡಾಂಬರಿಗೆ ಏರಿಸಿದಿರಿ. ಅಲ್ಲಿ ನಿಲ್ಲಿಸಿ ಬ್ರೇಕ್ ಎಳೆದಿರಿ. ಮತ್ತೆ ಎಳೆದು ನೋಡಿದಿರಿ. ಇಳಿದು ಬಂದು ಕೀಲಿಯನ್ನು ಅಣ್ಣನ ಕೈಗಿಟ್ಟಿರಿ.

ಮತ್ತೆಂದೂ ನೀವು ಆ ಸೀಟಿನಲ್ಲಿ ಕೂಡಲಿಲ್ಲ. ಅಷ್ಟೇ ಆಗಿದ್ದರೆ... ಅಷ್ಟೇ ಆಗಲಿಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ಮನೆಗೆ ತಿರುಗಿ ಬರತೊಡಗಿದಿರಿ. ಹಾಕಿದ ಬೀಗವನ್ನು ಜಗ್ಗಿ ಜಗ್ಗಿ ನೋಡತೊಡಗಿದಿರಿ. ವೈನಿಗೆ ಮರೆವು ಭಾಳ ಎಂಬುದು ಮನೆಯ ಚೇಷ್ಟೆಯಾಯಿತು — ಆ ನಗೆಯಲ್ಲಿ ನಾನೂ ಕೂಡಿದೆ. ಸ್ವಂತ ಕೈಯ ಮೇಲೆ ನಿಮಗಿದ್ದ ನಂಬಿಕೆಯನ್ನು ಕದ್ದವನೇ ನಕ್ಕೆ.

ಮೊನ್ನೆ ಪದ್ಮಾ ಮಾದಾಪುರದ ಆಫೀಸಿಗೆ ಹೋಗಿಬರಲು ಕಾರು ಕೊಂಡು ತಂದಳು. ನಿಮ್ಮನ್ನು ಸ್ಟೀರಿಂಗ್ ಮುಂದೆ ಕೂಡಿಸಲು ಎಷ್ಟು ಜಗ್ಗಿದಳು! ನೀವು ಮಗಳ ಕೈ ಬಿಡಿಸಿಕೊಂಡು, "ಬ್ಯಾಡವಾ, ನನ್ನ ಕೈ ನಂಬೋ ಹಂಗಿಲ್ಲ" ಅಂದಿರಿ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಅದಕ್ಕೇ ಮೊದಲು ನಿಮಗೆ ಹೇಳುತ್ತಿದ್ದೇನೆ. ಭಾನುವಾರ ಊಟಕ್ಕೆ ಎಲ್ಲರೂ ಕೂಡಿದಾಗ ಅಣ್ಣನ ಮುಂದೆ, ಪದ್ಮಾಳ ಮುಂದೆ ಇದನ್ನೇ ಹೇಳುತ್ತೇನೆ. ಆಮೇಲೆ ನೀವು ನನ್ನ ಮುಖ ನೋಡದಿದ್ದರೂ ಸರಿಯೇ. ಅವ್ವನಿಗೆ ಮಾತ್ರ ಇನ್ನು ಹೇಳಲಾಗುವುದಿಲ್ಲ — ಚೊಕ್ಕ ಸೊಸೆ, ಮರೆವೊಂದೇ ಕೊರತೆ ಎಂದು ನಂಬಿಕೊಂಡೇ ಅವಳು ಹೋದಳು.