ಹಡಗಿನ ಮೇಲೆ ಅವ್ವ ಹಾಕಿದ ಗಂಟು

ನನ್ನ ಗಂಡ ಗೂಟಕ್ಕೆ ಕಟ್ಟಿದ ಹಗ್ಗ ಒಂದೇ ಜಗ್ಗಿಗೆ ಕಳಚಿತು. ನಾನು ಕಟ್ಟಿದ್ದು ತುದಿ ಎಳೆದರೂ ಬಿಚ್ಚಲೇ ಇಲ್ಲ. ಕಾರವಾರದ ಹಳೆಯ ಯುದ್ಧನೌಕೆ ನೋಡಲು ಬಂದವರಿಗೆಲ್ಲ ನಿವೃತ್ತ ನಾವಿಕರೊಬ್ಬರು ಸವಾಲು ಹಾಕುತ್ತಿದ್ದರು: ಎಷ್ಟು ಜಗ್ಗಿದರೂ ಗಂಟು ಸಡಿಲಾಗಬಾರದು, ತುದಿ ಎಳೆದರೆ ಮಾತ್ರ ಬಿಚ್ಚಬೇಕು.

ಅವ್ವ ಕೈ ಚಾಚಿದಳು. ಕಲಬುರಗಿಯಿಂದ ಹೊರಡುವಾಗ "ಹಡಗಿನಾಗ ನಿನಗೇನು ತಿಳೀತದವ್ವ, ಮನ್ಯಾಗ ಇರು" ಎಂದಿದ್ದವಳು ನಾನೇ. ಅವಳು ಎರಡು ಸುತ್ತು ಹಾಕಿ, ಒಂದು ಕುಣಿಕೆ ತೂರಿಸಿದಳು. ನಾವಿಕರು ಮೈಭಾರವನ್ನೆಲ್ಲ ಬಿಟ್ಟು ಜಗ್ಗಿದರು. ಗಂಟು ಅಲ್ಲಾಡಲಿಲ್ಲ. ಅವ್ವ ಎರಡು ಬೆರಳಲ್ಲಿ ತುದಿ ಎಳೆದಳು, ಹಗ್ಗ ಕೆಳಗೆ ಬಿತ್ತು.

"ಅಮ್ಮಾ, ನೀವು ಯಾವ ಹಡಗಿನಲ್ಲಿದ್ದಿರಿ?" ಎಂದು ಅವರು ನಗದೆ ಕೇಳಿದರು.

"ಹಡಗ ನೋಡಿದ್ದೇ ಇವತ್ತರೀ. ಕಮಲಾಪುರದಾಗ ನಮ್ದು ಕೆಂಪು ಬಾಳಿ ತೋಟ ಅದ. ಗಾಳಿಗಿ ಗಿಡ ಬೀಳಬಾರ್ದು ಅಂತ ಕೋಲು ಕಟ್ಟತೀವಿ. ಗೊನಿ ಕಡಿಯಾಗ ಬಿಚ್ಚಬೇಕಲ್ರೀ."

ನಾವಿಕರು ಹಗ್ಗವನ್ನು ಅವಳ ಕೈಗೇ ಕೊಟ್ಟು ಪಕ್ಕಕ್ಕೆ ಸರಿದರು. ಮುಂದಿನ ಗುಂಪಿಗೆ ಕಲಿಸಿದ್ದು ಅವ್ವನೇ.

ಈಗ ಕಲಬುರಗಿಯ ಗಾಜಿಪುರದ ನಮ್ಮ ಮನೆಯಲ್ಲಿ ಮಂಚದ ಕಾಲಿಗೆ ಹಗ್ಗವೊಂದು ಇದ್ದೇ ಇರುತ್ತದೆ. ಮಗಳು ಎರಡೇ ದಿನಕ್ಕೆ ಕಲಿತಳು. ನನ್ನ ಗಂಟು ನೋಡಿದಾಗಲೆಲ್ಲ ಅವ್ವ ಇನ್ನೂ "ಬಿಚ್ಚು, ಮತ್ತ ಕಟ್ಟು" ಅನ್ನುತ್ತಾಳೆ.