ಪಿಳ್ಳಪ್ಪನ ಹರಿಗೋಲಿಗೆ ಮೊಳೆ ಬೂಟು

ಹೆಬ್ಬಾಳ ಕೆರೆಯ ಮೀನುಗಾರ ಪಿಳ್ಳಪ್ಪ ಹೆಂಡತಿಯ ಬೈಗುಳವನ್ನಾದರೂ ಸಹಿಸಿಯಾನು, ತನ್ನ ತೊಗಲಿನ ಹರಿಗೋಲಿಗೆ ಮೆಟ್ಟು ಸೋಕಿದರೆ ಸಹಿಸನು. ಸಾವಿರದ ಒಂಬೈನೂರ ಅರವತ್ತೆರಡನೇ ಇಸವಿಯಲ್ಲಿ ನಂದಿಬೆಟ್ಟ ಹತ್ತಿಳಿದ ಪ್ರವಾಸಿಯೊಬ್ಬ, ನೀರಿನ ಸಾಹಸವೂ ಆಗಿಬಿಡಲೆಂದು, ಅಡಿಗೆ ಮೊಳೆ ಹೊಡೆದ ಬೂಟಿನಲ್ಲೇ ಅದರೊಳಕ್ಕೆ ಧುಮುಕಿದ.

"ಬೂಟು ಬಿಚ್ಚಿ ಸ್ವಾಮಿ!"

"ಬೆಟ್ಟಕ್ಕೇ ಏನೂ ಆಗ್ಲಿಲ್ಲ, ನಡಿಯಯ್ಯ."

"ಬೆಟ್ಟ ಮುಳುಗಾಕಿಲ್ಲ, ಇದು ಮುಳುಗ್ತದೆ!"

ಅಷ್ಟರಲ್ಲಿ ಧುಮುಕಿದ ರಭಸಕ್ಕೆ ಹರಿಗೋಲು ಇಬ್ಬರನ್ನೂ ಹೊತ್ತು ದಡ ಬಿಟ್ಟಿತ್ತು. ಮೊಳೆ ಚುಚ್ಚಿ ತೂತಾದ ತಳದಲ್ಲಿ ನೀರು ಚಿಮ್ಮಿತು. ಪಿಳ್ಳಪ್ಪ ಹಲ್ಲು ಕಡಿಯುತ್ತ ತನ್ನ ತಲೆವಸ್ತ್ರವನ್ನು ತೂತಿಗೆ ತುರುಕಿದ.

"ಅದ್ರ ಮ್ಯಾಲೆ ಕುಂತ್ಕಳಿ! ಅಲ್ಲಾಡಿದ್ರೆ ನಾನೇ ನೂಕ್ಬುಡ್ತೀನಿ!"

ದಡ ಸೇರಿದ ಪ್ರವಾಸಿ ಒದ್ದೆ ಚಡ್ಡಿ ಹಿಂಡುತ್ತ, "ಭಾರೀ ಮಜಾ ಬಂತು! ನಾಳೆ ಸ್ನೇಹಿತರನ್ನೂ ಕರ್ಕೊಂಡ್ ಬರ್ತೀನಿ" ಎಂದ.

ಮರುದಿನ ಎರಡು ಕಾರು ಬಂದವು. ಪಿಳ್ಳಪ್ಪ ಹರಿಗೋಲನ್ನು ಬೋರಲು ಹಾಕಿ, ಕೈಯಲ್ಲಿ ಹುಟ್ಟು ಹಿಡಿದು ಕಾವಲು ಕುಳಿತಿದ್ದ.

"ಓಗ್ರಿ ಸ್ವಾಮಿ! ಮುಳುಗೋ ಆಸೆಯಿದ್ರೆ ನಿಮ್ ಕಾರನ್ನೇ ಕೆರೆಗಿಳ್ಸಿ!"